ಹಳದಿ ದೀಪೋಪಶಮನ: ಬಂಡಳ್ಳಿ ಸೀಮೆಯ ಒಂದು ತಾತ್ವಿಕ ಅನುಸಂಧಾನ

1.0 ಪೀಠಿಕೆ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಉರಿಯುವ ಹಳದಿ ದೀಪವೆಂಬುದು ಕೇವಲ ದೀಪವಲ್ಲ, ಅದೊಂದು ಕಥನ. ಯಂತ್ರದ ಅಂತರಂಗವು ಚಾಲಕನ ಅಸ್ಮಿತೆಯೊಡನೆ ಮುಖಾಮುಖಿಯಾಗುವ ಬಹುಆಯಾಮದ ನೆಲೆ. ಕೆಟ್ಟ ಸೆನ್ಸರನ್ನು ಕಿತ್ತು ಹೊಸದನ್ನು ಕೂರಿಸಿದ ಮೇಲೂ ದೀಪ ಉರಿಯುತ್ತಲೇ ಇರುವ ವಿದ್ಯಮಾನವನ್ನು ಈ ಪ್ರಬಂಧವು 'ದೋಷೋತ್ತರ ದೀಪಶೇಷ' ಎಂದೂ, ಅದನ್ನು ಆರಿಸಲು ಜನಸಮುದಾಯ ಕೈಗೊಳ್ಳುವ ಕ್ರಿಯಾಕಲಾಪಗಳನ್ನು 'ದೀಪೋಪಶಮನ' ಎಂದೂ ಪರಿಭಾವಿಸುತ್ತದೆ. ಬಂಡಳ್ಳಿಯವರು ಪರಿಭಾವಿಸುವ ಗೋಜಿಗೆ ಹೋಗದೆ ಬಾನೆಟ್ ಎತ್ತುತ್ತಾರೆ. ಅದಕ್ಕೇ ಅವರಿಗೆ ಪಿಎಚ್.ಡಿ. ಇಲ್ಲ.

1.1 ಪ್ರಾದೇಶಿಕ ಹಿನ್ನೆಲೆ

ಕೊಳ್ಳೇಗಾಲ ಸೀಮೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆ. 1997ರಿಂದ ಚಾಮರಾಜನಗರ ಜಿಲ್ಲೆ. ಈಗ ಹನೂರು ಬೇರೆಯದೇ ತಾಲೂಕು, ಬಂಡಳ್ಳಿ ಅದರೊಳಗೆ. ಇದಕ್ಕೂ ಇಂಜಿನ್ ದೀಪಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಪ್ರಾದೇಶಿಕ ಹಿನ್ನೆಲೆಯಿಲ್ಲದ ಪ್ರಬಂಧಕ್ಕೆ ಮಾರ್ಗದರ್ಶಕರು ಸಹಿ ಹಾಕುವುದಿಲ್ಲ.

1.2 ವ್ಯಾಪ್ತಿ ಮತ್ತು ಮಿತಿ

ಪೂರ್ವಕ್ಕೆ ಮಾದಪ್ಪನ ಬೆಟ್ಟ, ಪಶ್ಚಿಮಕ್ಕೆ ಯಳಂದೂರು. ಗುಂಡ್ಲುಪೇಟೆಯನ್ನು ಮುಂದಿನ ಸಂಶೋಧಕರಿಗೆ ಬಿಟ್ಟುಕೊಡಲಾಗಿದೆ, ಬಸ್ಸು ಸಿಗಲಿಲ್ಲ.

2.0 ಇಂದ್ರಿಯಮೀಮಾಂಸೆ

ಆಕ್ಸಿಜನ್ ಸೆನ್ಸರನ್ನು ಬಾಷ್ ಕಂಪನಿ ಮಾಡಿ 1976ರಲ್ಲಿ ವೋಲ್ವೋ ಕಾರಿಗೆ ಹಾಕಿತು. ಹೊಗೆಯ ಕೊಳವೆಯಲ್ಲಿ ಕೂತು, ಉರಿದು ಬಂದ ಗಾಳಿಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಮೂಸುವುದು ಅದರ ಕಾಯಕ. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಸರಿಯಾದ ಹದ. ಪೆಟ್ರೋಲು ಕಡಿಮೆಯಾದರೆ ಸೆನ್ಸರು 0.1 ವೋಲ್ಟಿನ ಹತ್ತಿರ, ಹೆಚ್ಚಾದರೆ 0.9ರ ಹತ್ತಿರ ಹೇಳುತ್ತದೆ. ಇಸಿಯು ಎಂಬ ಇಂಜಿನ್ ಕಂಪ್ಯೂಟರು ಅದನ್ನು ಕೇಳಿಕೊಂಡು ಪೆಟ್ರೋಲು ಏರಿಸುತ್ತದೆ, ಇಳಿಸುತ್ತದೆ. ಇಷ್ಟೇ. ಇದನ್ನು 'ಪ್ರತಿಪುಷ್ಟಿ-ಪ್ರಣೀತ ದಹನ ಸಂವಾದ' ಎಂದು ಕರೆದರೆ ಎರಡು ಪುಟ ಹೆಚ್ಚು ಬರೆಯಬಹುದಿತ್ತು.

ತೊಡಕು ಎಲ್ಲಿ? ಸೆನ್ಸರು ಕೆಟ್ಟು ತಿಂಗಳುಗಟ್ಟಲೆ ಸುಳ್ಳು ಹೇಳಿದಾಗ, ಕಂಪ್ಯೂಟರು ಆ ಸುಳ್ಳಿಗೆ ತನ್ನನ್ನು ಒಗ್ಗಿಸಿಕೊಂಡಿರುತ್ತದೆ. ನಾಲಗೆ ಕೆಟ್ಟ ಯಜಮಾನರು ದಿನವೂ 'ಸಾರಿಗೆ ಉಪ್ಪಿಲ್ಲ' ಎಂದು ಗೊಣಗಿ, ಅಡುಗೆಯವರ ಕೈ ಒಂದು ಚಿಟಿಕೆ ಹೆಚ್ಚಿಗೆ ಹಾಕುವುದಕ್ಕೆ ರೂಢಿಯಾದ ಹಾಗೆ. ನಾಲಗೆ ವಾಸಿಯಾಯಿತು, ಕೈ ಇನ್ನೂ ಹಳೆಯ ಲೆಕ್ಕದಲ್ಲೇ ಇದೆ. ಆ ಹಳೆಯ ಲೆಕ್ಕವನ್ನು ಒರೆಸುವುದೇ ರೀಸೆಟ್ಟು. ಒರೆಸದಿದ್ದರೂ ಕಂಪ್ಯೂಟರು ಓಡುತ್ತ ಓಡುತ್ತ ತಾನೇ ತಿದ್ದಿಕೊಳ್ಳುವುದುಂಟು, ನಿಧಾನವಾಗಿ.

3.0 ದೀಪೋಪಶಮನದ ವರ್ಗೀಕರಣ

ಕ್ಷೇತ್ರಕಾರ್ಯದಿಂದ ನಾಲ್ಕು ಪ್ರಭೇದಗಳು ಕಂಡುಬಂದಿವೆ: (ಅ) ವಿಚ್ಛೇದನಾತ್ಮಕ, (ಆ) ಪ್ರತೀಕ್ಷಾತ್ಮಕ, (ಇ) ಸಂವಾದಾತ್ಮಕ, (ಈ) ಪ್ರಭುತ್ವಾಧೀನ.

3.1 ವಿಚ್ಛೇದನಾತ್ಮಕ

ಹತ್ತರ ಸ್ಪ್ಯಾನರಿನಿಂದ ಬ್ಯಾಟರಿಯ ಮೈನಸ್ ಟರ್ಮಿನಲ್ ಕಳಚಿ, ಒಂದು ಟೀ ಕುಡಿದು ಬಂದು ಮತ್ತೆ ಹಾಕುವುದು. ಇದು ಈ ಸೀಮೆಯ ದೇಸಿ ಪರಂಪರೆ. ಹಳೆಯ ಗಾಡಿಗಳಲ್ಲಿ ಕಂಪ್ಯೂಟರಿನ ನೆನಪು ಕರೆಂಟಿನ ಮೇಲೆ ನಿಂತಿರುವುದರಿಂದ ಬಹುಮಟ್ಟಿಗೆ ಫಲಿಸುತ್ತದೆ. ಜೊತೆಗೆ ರೇಡಿಯೋದ ಸ್ಟೇಷನ್ನು, ಗಡಿಯಾರ, ಐಡಲ್ ಎಷ್ಟಿರಬೇಕೆಂಬ ಕಲಿಕೆ ಎಲ್ಲವೂ ಹೋಗುತ್ತವೆ. ಸ್ವಲ್ಪ ಹೊತ್ತು ಇಂಜಿನ್ನು ಸಿಗ್ನಲಿನಲ್ಲಿ ನಡುಗುತ್ತದೆ. ಬಂಡಳ್ಳಿಯಲ್ಲಿ ಸಿಗ್ನಲ್ ಇಲ್ಲದಿರುವುದು ಇಲ್ಲಿ ಪೂರಕ ಅಂಶ. ಹೊಸ ಗಾಡಿಗಳಲ್ಲಿ ದೋಷದ ಗುರುತಾದ ಕೋಡು ಕರೆಂಟು ಹೋದರೂ ಅಳಿಯದ ಜಾಗದಲ್ಲಿ ಕೂತಿರುತ್ತದೆ. ಎಷ್ಟು ಟೀ ಕುಡಿದರೂ ವ್ಯರ್ಥ.

3.2 ಪ್ರತೀಕ್ಷಾತ್ಮಕ

ಏನೂ ಮಾಡದಿರುವುದು. ದೋಷ ನಿಜಕ್ಕೂ ಹೋಗಿದ್ದರೆ, ಸಾಮಾನ್ಯವಾಗಿ ಸತತ ಮೂರು ಡ್ರೈವ್ ಸೈಕಲ್, ಅಂದರೆ ಗಾಡಿ ಶುರುಮಾಡಿ ಓಡಿಸಿ ನಿಲ್ಲಿಸುವ ಸುತ್ತು, ದೋಷವಿಲ್ಲದೆ ಮುಗಿದ ಮೇಲೆ ದೀಪ ತಾನೇ ಆರುತ್ತದೆ. ನಲವತ್ತು ಸಲ ಇಂಜಿನ್ನು ತಣ್ಣಗಿದ್ದು ಬಿಸಿಯಾದ ಮೇಲೆ ಕೋಡೂ ಅಳಿದುಹೋಗುತ್ತದೆ. ಅಂದರೆ ಯಂತ್ರಕ್ಕೆ ಕ್ಷಮಿಸಲು ಬರುತ್ತದೆ. ಈ ಸಂಗತಿಯನ್ನು ಯಾವ ಸರ್ವಿಸ್ ಅಡ್ವೈಸರೂ ನನಗೆ ಹೇಳಿದ್ದಿಲ್ಲ. ಮೈಸೂರಿನ ಒಂದು ಶೋರೂಮಿನಲ್ಲಿ ಟೈ ಕಟ್ಟಿದ ಹುಡುಗ ಟ್ಯಾಬ್ಲೆಟ್ ತೋರಿಸಿ, 'ಅಡಾಪ್ಟೇಷನ್ ವ್ಯಾಲ್ಯೂ ರೀ-ಇನಿಷಿಯಲೈಸೇಷನ್ ಮಾಡ್ಬೇಕು ಸರ್, ಸಿಸ್ಟಮ್ ಹಾಗೇ ಕೇಳ್ತಿದೆ' ಅಂದ. ನಾನು ವಿಶ್ವವಿದ್ಯಾಲಯದ ವಿಚಾರ ಸಂಕಿರಣಗಳಲ್ಲಿ ಕೂತು ಬೆಳೆದವನು. ಆ ದನಿ ನನಗೆ ಚೆನ್ನಾಗಿ ಗೊತ್ತು. ಎದುರಿಗಿರುವವನು ಇನ್ನೊಂದು ಪ್ರಶ್ನೆ ಕೇಳದಿರಲಿ ಎಂದು ಆಡುವ ಮಾತು ಅದು.

3.3 ಸಂವಾದಾತ್ಮಕ

ಸ್ಟೀರಿಂಗಿನ ಕೆಳಗೆ ಹದಿನಾರು ಪಿನ್ನಿನ ಒಂದು ಸಾಕೆಟ್ ಇದೆ. ಅಮೆರಿಕದಲ್ಲಿ 1996ರ ಮಾದರಿಗಳಿಂದ ಅದು ಕಡ್ಡಾಯ. ನಮ್ಮಲ್ಲಿ ಬಿಎಸ್-4 ಎಂಬ ಹೊಗೆ ನಿಯಮದ ಕಾರುಗಳಿಗೆ 2010ರ ಏಪ್ರಿಲ್‌ನಿಂದ ಸ್ವಯಂ ದೋಷಪತ್ತೆಯ ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೆಯದು ಬಂತು. ಅಗ್ಗದ ಬ್ಲೂಟೂತ್ ಡಬ್ಬಿಯೊಂದನ್ನು ಅದಕ್ಕೆ ಚುಚ್ಚಿ ಮೊಬೈಲಿನಲ್ಲಿ ಕೋಡು ಓದಬಹುದು. ಹನೂರು ರಸ್ತೆಯ ಶೆಡ್ಡೊಂದರಲ್ಲಿ ಹೈಸ್ಕೂಲು ಬಿಟ್ಟ ಹುಡುಗನೊಬ್ಬನಿಗೆ ಇವು ಬಾಯಿಪಾಠ. 'ಮುನ್ನೂರ ಮೂವತ್ತೈದು ಬಂತು ಅಂದ್ರ ಕ್ರ್ಯಾಂಕ್ ಸೆನ್ಸರು ಸಾ. ನೂರ ಎಪ್ಪತ್ತೊಂದು ಅಂದ್ರ ಮೊದ್ಲು ಪೈಪ್ ನೋಡ್ಬೇಕು, ಎಲ್ಲೋ ಗಾಳಿ ಎಳೀತಾ ಅದ. ಸೆನ್ಸರ್ ಆಮ್ಯಾಕ.' ಕೋಡು ಬಂದ ಕೂಡಲೇ ಸೆನ್ಸರು ಬದಲಾಯಿಸುವ ಶೋರೂಮಿಗಿಂತ ಇವನು ಒಂದು ಹೆಜ್ಜೆ ಮುಂದಿದ್ದಾನೆ. ಇವನನ್ನು ಪ್ರಬಂಧದಲ್ಲಿ 'ವಕ್ತೃ-ಅ' ಎಂದು ಕರೆಯಬೇಕು.

ಕರೆಯುವುದಿಲ್ಲ. ಈ ಸೀಮೆಯಲ್ಲಿ ಬೇಕಾದಷ್ಟು ವಕ್ತೃಗಳಾಗಿದ್ದಾರೆ. ಮಾದಪ್ಪನ ಕಥೆ ಹಾಡುವವರ ಮುಂದೆ ಟೇಪ್ ರೆಕಾರ್ಡರ್ ಇಟ್ಟು ರಾತ್ರಿಯೆಲ್ಲ ಹಾಡಿಸಿಕೊಂಡು ಹೋಗಿ, ಅಚ್ಚಾದ ಪುಸ್ತಕದ ಒಂದು ಪ್ರತಿಯನ್ನೂ ಕಳಿಸದ ವಿದ್ವಾಂಸರನ್ನು ನಾನು ಬಲ್ಲೆ. ಹಾಡಿದವನಿಗೆ ಆ ಪುಸ್ತಕದ ಭಾಷೆ ತಿಳಿಯುವುದೂ ಇಲ್ಲ. ತಿಳಿಯಬಾರದೆಂದೇ ಹಾಗೆ ಬರೆದದ್ದೇನೋ.

ನಾಲ್ಕನೆಯ ಪ್ರಭೇದಕ್ಕೆ ಅಂಕಿ ಹಾಕುವ ಮನಸ್ಸಿಲ್ಲ. ನೋಡಿದ್ದನ್ನು ಹೇಳುತ್ತೇನೆ.

ಬಿಎಸ್-6 ಡೀಸೆಲ್ ಪಿಕಪ್ಪು. ಹಿಂದೆ ರೇಷ್ಮೆಗೂಡು, ಹೋಗಬೇಕಾದ್ದು ಮಾರುಕಟ್ಟೆಗೆ. ಗೂಡು ಕಾಯುವುದಿಲ್ಲ; ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದು ಹೊರಬಂದರೆ ನೂಲು ಬಿಚ್ಚಲು ಬರುವುದಿಲ್ಲ. ಗಾಡಿಗೆ ಪಿಕಪ್ಪೇ ಇಲ್ಲ. ಮಸಿ ಹಿಡಿಯುವ ಫಿಲ್ಟರಿನ ಹಿಂದುಮುಂದಿನ ಒತ್ತಡ ಅಳೆಯುವ ಸೆನ್ಸರು ಹೋಗಿದೆ. ಶೆಡ್ಡಿನ ಆ ಹುಡುಗ ಕಂಡುಹಿಡಿದ, ಅವನ ಮೇಸ್ತ್ರಿ ಹೊಸದನ್ನು ತರಿಸಿ ಕೂರಿಸಿದ. ಕೆಲಸ ಮುಗಿಯಿತು. ಗಾಡಿ ಮಾತ್ರ ಏಳಲಿಲ್ಲ. ಆ ಮಾದರಿಯಲ್ಲಿ ಹೊಸ ಸೆನ್ಸರಿನ ಸೊನ್ನೆ ಯಾವುದು ಎಂದು ಕಂಪ್ಯೂಟರಿಗೆ ಕಲಿಸಬೇಕು. ಕಲಿಸುವ ತನಕ ಫಿಲ್ಟರು ತುಂಬಿದೆ ಎಂದೇ ಅದು ನಂಬಿ ಇಂಜಿನ್ನಿನ ಕತ್ತು ಹಿಸುಕಿ ಹಿಡಿದಿರುತ್ತದೆ. ಕಲಿಸುವ ಸಾಫ್ಟ್‌ವೇರು ಕಂಪನಿಯವರ ಹತ್ತಿರ ಇದೆ. ಕಂಪನಿಯವರು ಮೈಸೂರಿನಲ್ಲಿದ್ದಾರೆ, ಟಿ. ನರಸೀಪುರ ದಾಟಿ. 'ಬಿಚ್ಚಿದ್ದು ನಾವು, ಹಾಕಿದ್ದು ನಾವು. ಒಂದ್ ಬಟನ್ ಒತ್ತಕ್ಕ ನಮ್ಗ ಅಧಿಕಾರ ಇಲ್ವಂತ ಸಾ' ಅಂದ ಮೇಸ್ತ್ರಿ. ಇಂಜಿನ್ನಿನ ಸದ್ದು ಕೇಳಿಯೇ ಯಾವ ಇಂಜೆಕ್ಟರು ತಪ್ಪುತ್ತಿದೆ ಎಂದು ಹೇಳಬಲ್ಲ ಮನುಷ್ಯ ಆತ. ಗೂಡನ್ನು ಇನ್ನೊಂದು ಗಾಡಿಗೆ ತುಂಬಿದರು, ಬಾಡಿಗೆ ರೈತನದು.

ಇದು ವಿಧಿಯೇನಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ದುರಸ್ತಿ ಕೈಪಿಡಿ, ದೋಷಪತ್ತೆಯ ಉಪಕರಣ ಇವನ್ನು ತಮ್ಮ ಡೀಲರುಗಳಾಚೆ ಬಿಡದೆ ಕಟ್ಟಿಟ್ಟುಕೊಂಡದ್ದು ತಪ್ಪು, ಹೊರಗಿನ ಮೆಕ್ಯಾನಿಕ್ಕುಗಳಿಗೂ ಸಿಗಬೇಕು ಎಂದಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಅದರ ಪಟ್ಟಿಯಲ್ಲಿ ವಾಹನಗಳೂ ಇವೆ, ರೈತರ ಯಂತ್ರಗಳೂ ಇವೆ. ದಂಡ, ಆದೇಶ, ಸಮಿತಿ ಎಲ್ಲ ಆದ ಮೇಲೂ ಮೇಸ್ತ್ರಿಯ ಶೆಡ್ಡಿನಲ್ಲಿ ಹತ್ತರ ಸ್ಪ್ಯಾನರೇ ಗತಿ. ಹೊಗೆ ಕಡಿಮೆಯಾಗಲೆಂದು ತಂದ ಕಂಪ್ಯೂಟರಿನ ಮೇಲೆ ನನಗೆ ಸಿಟ್ಟಿಲ್ಲ. ಅದಕ್ಕೆ ಬೀಗ ಹಾಕಿ ಬೀಗದ ಕೈಗೆ ಬಾಡಿಗೆ ಕೇಳುವವರ ಮೇಲೆ ಇದೆ.

ಪ್ರಬಂಧದ ಉಳಿದ ಅಧ್ಯಾಯಗಳನ್ನು ಬರೆಯಲಾಗಿಲ್ಲ. ಇದನ್ನು ಯಾವುದಾದರೂ ವಿಚಾರ ಸಂಕಿರಣದಲ್ಲಿ ಮಂಡಿಸಲು ಕರೆಯುವುದಾದರೆ ಪ್ರಯಾಣ ಭತ್ಯೆ, ಶಾಲು, ಹಣ್ಣಿನ ಬುಟ್ಟಿ ಯಾವುದೂ ಬೇಡ. ಆ ದುಡ್ಡಿಗೆ ಒಂದು ಒಳ್ಳೆಯ ಸ್ಕ್ಯಾನರ್ ಕೊಡಿಸಿ. ಡೀಸೆಲ್ಲಿಗೂ ಆಗುವಂಥದು, ಬಿಎಸ್-6ಕ್ಕೂ ಆಗುವಂಥದು, ಓದುವುದಷ್ಟೇ ಅಲ್ಲ, ಬರೆಯಲೂ ಬರುವಂಥದು. ಹನೂರು ರಸ್ತೆಯ ಶೆಡ್ಡಿಗೆ ನಾನೇ ತಲುಪಿಸುತ್ತೇನೆ.