ಒಂದು ವರ್ಕ್‌ಬುಕ್ಕಿನಲ್ಲಿ ಇಡೀ ಕಾರ್ಖಾನೆ

ಮೊದಲು ಬಾಯಿಗೆ ಬೀಗ ಹಾಕಿಕೊಳ್ಳಿ. ‘ಸ್ಟಾಕ್ ಲೆಕ್ಕಕ್ಕೊಂದು ಸಾಫ್ಟ್‌ವೇರ್ ಬೇಕು’ ಎಂದಿರೋ, ಮೀಟಿಂಗ್ ಆಗುತ್ತದೆ, ಮೂರು ಕೊಟೇಶನ್ ತರಿಸಬೇಕಾಗುತ್ತದೆ, ಮಾಲೀಕರ ಭಾಮೈದ ಬಂದು ಪಕ್ಕದ ಕುರ್ಚಿಯಲ್ಲಿ ಕೂರುತ್ತಾನೆ. ಎಕ್ಸೆಲ್ ಹೇಗೂ ಎಲ್ಲರ ಕಂಪ್ಯೂಟರಿನಲ್ಲೂ ಇದೆ. ಊಟದ ಹೊತ್ತಿನಲ್ಲಿ ತೆರೆಯಿರಿ, ‘ತಾತ್ಕಾಲಿಕ’ ಎಂದು ಹೆಸರಿಡಿ, ಶುರು ಮಾಡಿ. ಈ ಹೆಸರಿನ ಫೈಲುಗಳಿಗೆ ಆಯುಸ್ಸು ಗಟ್ಟಿ. ನೀವು ರಿಟೈರ್ ಆದ ಮೇಲೂ ಇರುತ್ತವೆ.

ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡಿ. ಪರ್ಚೇಸ್, ಸ್ಟಾಕ್, ಹಾಜರಿ, ಸಂಬಳ, ಜಿಎಸ್‌ಟಿ, ದೀಪಾವಳಿಗೆ ಯಾರಿಗೆಲ್ಲ ಸ್ವೀಟ್ ಬಾಕ್ಸ್ ಎಂಬ ಪಟ್ಟಿ. ಮಾಹಿತಿಗೊಂದು ಶೀಟು, ಲೆಕ್ಕಕ್ಕೊಂದು, ರಿಪೋರ್ಟಿಗೊಂದು ಎಂದು ಪಾಲು ಮಾಡಿಸಲು ಬರುವವರನ್ನು ಹತ್ತಿರ ಸೇರಿಸಬೇಡಿ. ಅವರಿಗೆ ಕೂಡು ಕುಟುಂಬದ ಸುಖ ಗೊತ್ತಿಲ್ಲ. ಸೆಲ್ಲುಗಳನ್ನು ಧಾರಾಳವಾಗಿ ಮರ್ಜ್ ಮಾಡಿ. ಅಲ್ಲಿಗೆ ಸಾರ್ಟ್ ನಿಲ್ಲುತ್ತದೆ, ನಿಮ್ಮ ಸಾಲುಗಳನ್ನು ಯಾರೂ ಕದಲಿಸಲಾರರು. ಬಾಕಿ ಇದ್ದವರಿಗೆ ಹಳದಿ ಬಳಿಯಿರಿ, ತಕರಾರಿನವರಿಗೆ ಕೆಂಪು, ಮಾಲೀಕರಿಗೆ ಹೇಳಬಾರದ್ದಕ್ಕೆ ತಿಳಿನೀಲಿ. ಯಾವ ಬಣ್ಣ ಏನೆಂದು ಎಲ್ಲೂ ಬರೆದಿಡಬೇಡಿ.

ಸೆಲ್ಲಿನ ಫಾರ್ಮ್ಯಾಟ್ ನೋಡುವ ಗೋಜಿಗೆ ಹೋಗಬೇಡಿ. ಎಲ್ಲವೂ ‘ಜನರಲ್’ ಇರಲಿ, ಎಕ್ಸೆಲ್ ತಾನೇ ಊಹಿಸಿಕೊಳ್ಳುತ್ತದೆ. ಅದರ ಊಹೆ ಎಂಥದ್ದೆಂದು ನೋಡಬೇಕಾದರೆ ಜಮೀನಿನ ಸರ್ವೆ ನಂಬರ್ 12/3 ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಮಾರ್ಚ್ 12 ಆಗಿರುತ್ತದೆ. ಗಾಬರಿಯಿಂದ ಫಾರ್ಮ್ಯಾಟನ್ನು ನಂಬರಿಗೆ ಬದಲಿಸಿ. ಈಗ ಐದಂಕಿಯ ಯಾವುದೋ ಸಂಖ್ಯೆ ಬಂದಿರುತ್ತದೆ, ಆ ಜಮೀನು ಯಾವ ತಾಲ್ಲೂಕಿನಲ್ಲೂ ಇಲ್ಲ. ಬ್ಯಾಂಕ್ ಖಾತೆಗಳನ್ನೂ ಹೀಗೆಯೇ ತುಂಬಿ. ಮುಂದಿನ ಸೊನ್ನೆಗಳು ಉದುರುತ್ತವೆ. 16 ಅಂಕಿಯ ಖಾತೆಯಾದರೆ ಕೊನೆಯ ಅಂಕಿಯೇ ಸೊನ್ನೆಯಾಗುತ್ತದೆ, ಎಕ್ಸೆಲ್ ನೆನಪಿಡುವುದು 15 ಅಂಕಿ ಮಾತ್ರ. ಸಂಬಳ ಬಾರದವರು ಒಂದನೇ ತಾರೀಖು ತಾವಾಗಿ ಬಂದು ಹೇಳುತ್ತಾರೆ. ಇದಕ್ಕೆ ಟೆಸ್ಟಿಂಗ್ ಎನ್ನುತ್ತಾರೆ. ದಿನಾಂಕದ ಈ ಹಟವನ್ನು ತಿದ್ದಲು ಹೋಗಿ ಕಾಲ ಕಳೆಯಬೇಡಿ. ‘ಮಾರ್ಚ್1’, ‘ಸೆಪ್ಟ್1’ ಎಂಬಂಥ ಹೆಸರಿನ ಮನುಷ್ಯನ ಜೀನ್‌ಗಳು ಎಕ್ಸೆಲ್ಲಿನಲ್ಲಿ ತಾರೀಖುಗಳಾಗಿ ಹೋಗುತ್ತಿದ್ದವು. ವಿಜ್ಞಾನಿಗಳ ನಾಮಕರಣ ಸಮಿತಿ ಸೋತು, 2020ರ ಹೊತ್ತಿಗೆ ಜೀನ್‌ಗಳ ಹೆಸರನ್ನೇ ಬದಲಿಸಿತು.

ಸಿಬ್ಬಂದಿಯ ಹೆಸರುಗಳನ್ನು ಹಳೆಯ ನುಡಿ ಫಾಂಟಿನಲ್ಲೇ ತುಂಬಿ. ಪರದೆಯ ಮೇಲೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅಕಾರಾದಿಯಲ್ಲಿ ಜೋಡಿಸಲು ಹೇಳಿದರೆ ಪಂಪನ ಕಾಲದಿಂದಲೂ ಯಾರೂ ಕಾಣದ ಅಕಾರಾದಿ ಸಿಗುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಂತೂ ಇಡೀ ಹಾಜರಿ ಪುಸ್ತಕ ಬೈಗುಳದಂತೆ ಕಾಣುತ್ತದೆ.

ಇನ್ನು ಫಾರ್ಮುಲಾ. ನಿಜವಾದ ಕಸಬುದಾರಿಕೆ ಬೇಕಾಗುವುದು ಇಲ್ಲೇ. ವಿ-ಲುಕಪ್ ಬರೆಯುವಾಗ ಕೊನೆಯ ಭಾಗವನ್ನು ಬಿಟ್ಟುಬಿಡಿ. ಆಗ ಅದು ಕೇಳಿದ್ದನ್ನೇ ಹುಡುಕುತ್ತಾ ಕೂರುವುದಿಲ್ಲ, ಹತ್ತಿರದ್ದನ್ನು ಹಿಡಿದು ತರುತ್ತದೆ. ಪಟ್ಟಿಯಲ್ಲಿ ತಿಮ್ಮಪ್ಪ ಇಲ್ಲದಿದ್ದರೆ ಅವನಿಗಿಂತ ಮೇಲಿರುವ ತಿಪ್ಪೇಸ್ವಾಮಿಯ ಸಂಬಳವನ್ನು, ಒಂದೂ ತಕರಾರಿಲ್ಲದೆ, ತಿಮ್ಮಪ್ಪನಿಗೆ ಕೊಡುತ್ತದೆ. ಇಷ್ಟಾಗಿಯೂ ಎಲ್ಲಾದರೂ ತಪ್ಪಿನ ಗುರುತು ಕಂಡರೆ ಇಫ್-ಎರರ್‌ನಲ್ಲಿ ಸುತ್ತಿ ಸೊನ್ನೆ ಮಾಡಿ. ಸೊನ್ನೆಯನ್ನು ಯಾವ ಆಡಿಟರೂ ಪ್ರಶ್ನಿಸುವುದಿಲ್ಲ. ತೆರಿಗೆ ದರವನ್ನು ಒಂದು ಸೆಲ್ಲಿನಲ್ಲಿಟ್ಟು ಎಲ್ಲ ಕಡೆಯಿಂದ ಅದನ್ನೇ ಕರೆಯುವುದು ಸೋಮಾರಿಗಳ ಕೆಲಸ. ಪ್ರತಿ ಫಾರ್ಮುಲಾದೊಳಗೂ ದರವನ್ನು ಕೈಯಾರೆ ಟೈಪ್ ಮಾಡಿ. 2025ರ ಸೆಪ್ಟೆಂಬರ್ 22ರಿಂದ 12 ಮತ್ತು 28ರ ಹಂತದಲ್ಲಿದ್ದ ಬಹುತೇಕ ಸಾಮಾನು 5ಕ್ಕೋ 18ಕ್ಕೋ ಬಂದಾಗ ಹೀಗೆ ಮಾಡಿದ್ದವರು ತಮ್ಮ ಫೈಲಿನ ಮೂಲೆಮೂಲೆಯನ್ನೂ ನೋಡಿ ಬರುವಂತಾಯಿತು.

ಮೊತ್ತ ಕೂಡಿಸುವಾಗ ಕೆಳಗಿನ ಐದು ಸಾಲು ಬಿಟ್ಟುಹೋದರೆ ನಾಚಬೇಡಿ. ದೊಡ್ಡವರ ದಾರಿ ಅದು. ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ, ದೇಶಗಳ ಸಾಲ ಮಿತಿಮೀರಿದರೆ ಬೆಳವಣಿಗೆ ಕುಸಿಯುತ್ತದೆ ಎಂಬ ಪ್ರಬಂಧ ಪ್ರಕಟಿಸಿದರು. ವೆಚ್ಚ ಕಡಿತದ ಪರವಾಗಿದ್ದ ರಾಜಕಾರಣಿಗಳು ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಮೂಲ ಫೈಲನ್ನು ಕೇಳಿ ಪಡೆದು ತೆರೆದು ನೋಡಿದರೆ, ಸರಾಸರಿಯಲ್ಲಿ ಐದು ದೇಶಗಳು ಸೇರಿಯೇ ಇರಲಿಲ್ಲ. ಇದ್ದ ತಪ್ಪು ಅದೊಂದೇ ಅಲ್ಲ ಅನ್ನಿ. ಆದರೆ ಅವರಿಂದಾದ ಮುಖ್ಯ ಪ್ರಮಾದವನ್ನು ಗಮನಿಸಿ: ಕೇಳಿದವನಿಗೆ ಫೈಲು ಕೊಟ್ಟರು. ನೀವು ಪಿಡಿಎಫ್ ಕೊಡಿ.

ಸಾಲುಗಳು ಹೆಚ್ಚಾಗುತ್ತಿವೆಯೇ? ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯಲ್ಲೇ ಉಳಿಯಿರಿ. ಅದರಲ್ಲಿ 65,536 ಸಾಲು ಹಿಡಿಯುತ್ತದೆ, ಮಿಕ್ಕಿದ್ದು ನಿಮ್ಮ ತಲೆನೋವಲ್ಲ. 2020ರ ಶರತ್ಕಾಲದಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ ಇದನ್ನೇ ಮಾಡಿ 15,841 ಕೋವಿಡ್ ಪ್ರಕರಣಗಳನ್ನು ದಿನದ ಲೆಕ್ಕದಿಂದ ಹೊರಗಿಟ್ಟಿತು. ಕೆಲವು ದಿನ ಗ್ರಾಫು ನೋಡಲು ಚೆನ್ನಾಗಿತ್ತು, ಅಷ್ಟರಲ್ಲಿ ಸೋಂಕಿತರ ಸಂಪರ್ಕಕ್ಕೆ ಬಂದವರು ಊರು ಸುತ್ತಿದರು.

ಮ್ಯಾಕ್ರೋ ಬರೆಯಿರಿ, ಮೊದಲ ಸಾಲಿನಲ್ಲೇ ‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’ ಎಂದು ಹಾಕಿ. ಏನೇ ಮುರಿದರೂ ಮುಂದಕ್ಕೆ ಹೋಗು ಎಂಬ ಆಜ್ಞೆ ಅದು. ಮುಖ್ಯ ಶೀಟನ್ನು ಮ್ಯಾಕ್ರೋ ಮೂಲಕ ‘ವೆರಿ ಹಿಡನ್’ ಮಾಡಿ, ಅನ್‌ಹೈಡ್ ಪಟ್ಟಿಯಲ್ಲಿ ಅದರ ಸುಳಿವೂ ಸಿಗದು. ಫೈಲನ್ನು ಎಲ್ಲರೂ ಬಳಸುವ ಫೋಲ್ಡರಿನಲ್ಲಿಟ್ಟು, ತೆರೆದೇ ಇಟ್ಟು ಕಾಫಿಗೆ ಹೋಗಿ. ಬೇರೆಯವರು ತೆರೆಯಲು ಹೋದಾಗಲೆಲ್ಲ, ಫೈಲು ಇಂಥವರ ಕೈಯಲ್ಲಿದೆ ಎಂದು ನಿಮ್ಮ ಹೆಸರು ಮೂಡುತ್ತದೆ. ಕಂಪನಿಯಲ್ಲಿ ಇದಕ್ಕಿಂತ ಅಗ್ಗದ ಪ್ರಚಾರ ಇಲ್ಲ.

ಈಗ ರಜೆ ಹಾಕಿ. ಧರ್ಮಸ್ಥಳದ ಸಾಲಿನಲ್ಲಿ ನಿಂತಿರುವಾಗ ಫೋನ್ ಬರುತ್ತದೆ.

‘ಸರ್, ಅಪ್ಡೇಟ್ ಬಟನ್ ಒತ್ತಿದೆ, ಏನೂ ಆಗ್ಲಿಲ್ಲ.’

‘ಮತ್ತೆ ಒತ್ಬೇಡಮ್ಮ!’

‘ಆಗ್ಲೇ ನಾಲ್ಕು ಸಲ ಒತ್ತಿದೀನಿ ಸರ್.’

ತಿಂಗಳ ಸಂಬಳ ಐದು ಪಟ್ಟು ಏರಿರುತ್ತದೆ. ಶಾಂತವಾಗಿರಿ. ‘ಸೇವ್ ಮಾಡ್ದೆ ಮುಚ್ಚಮ್ಮ’ ಎನ್ನಿ. ಆಕೆ ‘ಅದು ತಾನಾಗೇ ಸೇವ್ ಆಯ್ತಲ್ಲ ಸರ್’ ಎಂದರೆ ಸಿಗ್ನಲ್ ಸರಿಯಿಲ್ಲ ಎಂದು ಹೇಳಿ ದರ್ಶನ ಮುಗಿಸಿಕೊಳ್ಳಿ.

ನೀವು ವಾಪಸ್ಸಾಗುವ ಹೊತ್ತಿಗೆ ಮಾಲೀಕರು ಸಿಟ್ಟಾಗಿ, ಲಕ್ಷಗಟ್ಟಲೆ ಸುರಿದು, ದೊಡ್ಡದೊಂದು ಇಆರ್‌ಪಿ ಕೊಳ್ಳುವ ನಿರ್ಧಾರ ಮಾಡಿರುತ್ತಾರೆ. ವಿರೋಧಿಸಬೇಡಿ, ಚಪ್ಪಾಳೆ ತಟ್ಟಿ. ತರಬೇತಿಗೆ ಮೊದಲ ಸಾಲಿನಲ್ಲಿ ಕೂತು, ಇಸ್ತ್ರಿ ಅಂಗಿಯ ಆ ಹುಡುಗ ಎಲ್ಲ ಮೆನುಗಳನ್ನೂ ತೋರಿಸಿ ಮುಗಿಸುವವರೆಗೆ ಟಿಪ್ಪಣಿ ಮಾಡಿಕೊಳ್ಳಿ. ಕೊನೆಯಲ್ಲಿ ಕೈಯೆತ್ತಿ ಕೇಳಿ: ‘ಸರ್, ಇದರಲ್ಲಿ ಎಕ್ಸೆಲ್‌ಗೆ ಎಕ್ಸ್‌ಪೋರ್ಟ್ ಮಾಡೋ ಬಟನ್ ಎಲ್ಲಿದೆ?’