ರಿವಾಲ್ವರಿನ ಉಪಚಾರ

ಕಾನ್ಪುರದ .32 ರಿವಾಲ್ವರ್ ನಮ್ಮ ತೋಟದ ಮನೆಗೆ ಬಂದದ್ದು ನನ್ನ ರಕ್ಷಣೆಗೆ. ಈಗ ಅದರ ರಕ್ಷಣೆಯೇ ನನ್ನ ಕಸುಬು. ಮಲೆನಾಡಿನ ಮಳೆಗಾಲದಲ್ಲಿ ಬೀರುವಿನೊಳಗಿನ ರೇಷ್ಮೆ ಪಂಚೆಗೇ ಬೂಷ್ಟು ಹಿಡಿಯುತ್ತದೆ, ಉಕ್ಕಿಗೆ ತುಕ್ಕು ಬಿಟ್ಟೀತೇ? ಗುಂಡು ತೆಗೆದು, ಆರೂ ಗೂಡು ಖಾಲಿಯೆಂದು ಬೆರಳಿಟ್ಟು ನೋಡಿ, ನಳಿಗೆಗೆ ಬ್ರಷ್ ಹಾಕಿ, ತೆಳ್ಳಗೆ ಎಣ್ಣೆ ಸವರಬೇಕು. "ನನ್ನ ಮೊಣಕಾಲಿಗೆ ಒಂದು ದಿನ ಹೀಗೆ ಎಣ್ಣೆ ಹಚ್ಚಿದ್ದುಂಟಾ?" ಎಂದು ಹೆಂಡತಿಯ ತಕರಾರು. ಯಾರತ್ತಲೂ ಗುರಿ ಹಿಡಿಯಬಾರದೆಂಬ ಪಾಠ ಎಷ್ಟು ಮೈಗೂಡಿದೆಯೆಂದರೆ, ಈಗ ಟಿ.ವಿ. ರಿಮೋಟನ್ನೂ ನೆಲದ ಕಡೆಗೇ ಒತ್ತುತ್ತೇನೆ, ಚಾನೆಲ್ ಬದಲಾಗುವುದಿಲ್ಲ. ಇಷ್ಟೆಲ್ಲ ಸಾಕಿದರೂ ಚುನಾವಣೆ ಬಂತೆಂದರೆ ಅದು ಬಾಣಂತನಕ್ಕೆ ಹೊರಟ ಸೊಸೆಯಂತೆ ಪೊಲೀಸ್ ಠಾಣೆ ಸೇರುತ್ತದೆ. ನಮ್ಮಲ್ಲಿ ಚುನಾವಣೆಗೇನು ಬರವೇ? ಉಳಿದ ದಿನ ರಿವಾಲ್ವರ್ ಒಂದು ಬೀಗದೊಳಗೆ, ಗುಂಡು ಇನ್ನೊಂದರೊಳಗೆ, ಎರಡರ ಕೀಲಿಯೂ ಇವಳ ಸೊಂಟದಲ್ಲಿ. ಓದುಗರಲ್ಲಿ ಯಾರಾದರೂ ಕಳ್ಳರಿದ್ದರೆ ದಯವಿಟ್ಟು ಮುಂಚಿತವಾಗಿ ತಿಳಿಸಿ ಬನ್ನಿ.