ಬ್ರಾಕೆಟ್ ಭಾವ

ನಮ್ಮ ಬ್ರಾಕೆಟ್ ಭಾವನಂಥವರು ಈಗ ಊರಿಗೊಬ್ಬರಿದ್ದಾರೆ. ಕಾರ್ಖಾನೆಯಿಂದ ನಿವೃತ್ತಿ, ಮಕ್ಕಳು ದೂರದ ಊರಲ್ಲಿ, ಕೈಗೆ ಬಂದ ಪಿ.ಎಫ್. ದುಡ್ಡಿನಲ್ಲಿ ಒಂದು ಕ್ಯಾಮೆರಾ, ಎಣಿಸಲಾಗದಷ್ಟು ಜೇಬಿನ ಒಂದು ತೋಳಿಲ್ಲದ ಜಾಕೆಟ್ಟು. "ಯಾವ ಕ್ಯಾಮೆರಾ ಸಾರ್?" ಎಂದು ಕೇಳಿದರೆ ಭಾವನ ಮುಖ ಸಪ್ಪಗಾಗುತ್ತದೆ. "ಯಾವ ಪ್ಲೇಟು ಹಾಕಿದ್ದೀರಿ?" ಎಂದು ಕೇಳಿ ನೋಡಿ, ಒಳಗೆ ಕೂರಿಸಿ ಕಾಫಿ ಕೊಡಿಸುತ್ತಾರೆ.

ತಿಳಿಯದವರಿಗೆ ಹೇಳುವುದಾದರೆ, ಟ್ರೈಪಾಡಿನ ಮೇಲೆ ಕ್ಯಾಮೆರಾವನ್ನು ಅಡ್ಡಕ್ಕೆ ಕೂರಿಸುವುದು ಸಲೀಸು. ಫೋಟೋ ಉದ್ದಕ್ಕೆ ಬೇಕೆಂದರೆ ಟ್ರೈಪಾಡಿನ ತಲೆಯಲ್ಲಿ ಕ್ಯಾಮೆರಾ ಹಿಡಿದಿರುವ ಬಾಲ್‌ಹೆಡ್ಡನ್ನು ಪಕ್ಕಕ್ಕೆ ವಾಲಿಸಬೇಕು. ಆಗ ಭಾರವೆಲ್ಲ ಒಂದೇ ಮಗ್ಗುಲಿಗೆ ಜೋತುಬೀಳುತ್ತದೆ. ಎಷ್ಟು ಬಿಗಿ ಮಾಡಿದರೂ ಕ್ಯಾಮೆರಾ ಒಂದಿಷ್ಟು ಕೆಳಗಿಳಿದು ಚೌಕಟ್ಟು ಕೆಡುತ್ತದೆ. ಇದಕ್ಕೆ ಮದ್ದು ಎಲ್ ಬ್ರಾಕೆಟ್. ಗೋಡೆಗೆ ಹಲಗೆ ಹೊಡೆಯುವ ಎಲ್ ಆಂಗಲ್ಲಿನ ಶ್ರೀಮಂತ ನೆಂಟ ಎನ್ನಿ. ಒಂದು ತೋಳು ಕ್ಯಾಮೆರಾದ ತಳಕ್ಕೆ, ಇನ್ನೊಂದು ಎಡಮಗ್ಗುಲಿಗೆ. ಕ್ಲಾಂಪು ಸಡಿಲಿಸಿ, ಕ್ಯಾಮೆರಾ ತಿರುಗಿಸಿ, ಮಗ್ಗುಲ ತೋಳನ್ನು ಅದೇ ಕ್ಲಾಂಪಿಗೆ ಕೂರಿಸಿದರೆ ಮುಗಿಯಿತು. ಲೆನ್ಸು ಟ್ರೈಪಾಡಿನ ನಡುವಿನಿಂದ ಕದಲುವುದಿಲ್ಲ. ವಿಷಯ ಇಷ್ಟೇ. ಇಷ್ಟನ್ನು ಹೇಳಲು ಭಾವನಿಗೆ ಮುಕ್ಕಾಲು ಗಂಟೆ ಬೇಕು. ನಡುವೆ ಎದ್ದು ಹೋಗುವಂತೆಯೂ ಇಲ್ಲ, ನಿಮ್ಮ ಕೈಗೆ ಆಗಲೇ ಒಂದು ಸ್ಕ್ರೂ ಕೊಟ್ಟಿರುತ್ತಾರೆ.

ಆ ಸ್ಕ್ರೂ ಕಾಲು ಇಂಚಿನದು, ಇಂಚಿಗೆ 20 ಥ್ರೆಡ್ಡು. ಅದರ ಅಣ್ಣ 3/8 ಇಂಚು, 16 ಥ್ರೆಡ್ಡು. ದೇಶವೆಲ್ಲ ಮಿಲಿಮೀಟರಿಗೆ ಬಂದರೂ ಕ್ಯಾಮೆರಾದ ತಳ ಇಂಚನ್ನು ಬಿಟ್ಟಿಲ್ಲ ಎಂದು ಭಾವನಿಗೆ ಒಳಗೊಳಗೇ ಖುಷಿ. ಕ್ಯಾಮೆರಾದ ತಳಕ್ಕೆ ಬಿಗಿದು ಕ್ಲಾಂಪಿನಲ್ಲಿ ಕೂರಿಸುವ ಪ್ಲೇಟಿನ ಮೇಲೆ ಮಾತ್ರ ಅವರಿಗೆ ತೀರದ ಸಿಟ್ಟು. ಆರ್ಕಾ-ಸ್ವಿಸ್ ಮಾದರಿಯ ಓರೆ ಅಂಚಿನ ಪ್ಲೇಟುಗಳ ಅಗಲ ಹತ್ತಿರ ಹತ್ತಿರ 38 ಮಿ.ಮೀ. ಆದರೆ ಒಬ್ಬೊಬ್ಬ ತಯಾರಕನದು ಒಂದೊಂದು ಲೆಕ್ಕ. ತಿರುಪಿನ ಕ್ಲಾಂಪಾದರೆ ಹೇಗೋ ಹಿಡಿದುಕೊಳ್ಳುತ್ತದೆ. ಲಿವರಿನ ಕ್ಲಾಂಪು ಒಂದು ಪ್ಲೇಟಿಗೆ ಸಡಿಲ, ಇನ್ನೊಂದಕ್ಕೆ ಮುಚ್ಚುವುದೇ ಇಲ್ಲ. ಮೂವತ್ತು ವರ್ಷ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ದುಡಿದ ಜೀವ ಇದನ್ನು ಸಹಿಸುವುದುಂಟೆ? ಕನ್ನಡಕ ಹಣೆಗೇರಿಸಿ, ವರ್ನಿಯರ್ ಹಿಡಿದು ಅಳೆದು, "ನೋಡಯ್ಯ, ಪ್ಲೇ ಇದೆ. ನಮ್ಮ ಶಾಪಿನಲ್ಲಾಗಿದ್ದರೆ ಇಡೀ ಬ್ಯಾಚ್ ರಿಜೆಕ್ಟು" ಎನ್ನುತ್ತಾರೆ. ರಿಜೆಕ್ಟಾದ ಬ್ರಾಕೆಟ್ಟುಗಳಿಗೆ ಬೀರುವಿನಲ್ಲಿ ಒಂದು ಖಾನೆ. ಬ್ಯಾಟರಿ ಬಾಗಿಲಿಗೆ ಅಡ್ಡ ಬಂದದ್ದು ಒಂದು. ಕೇಬಲ್ ಚುಚ್ಚುವ ತೂತನ್ನು ಮುಚ್ಚಿದ್ದು ಇನ್ನೊಂದು. ಹಿಂಭಾಗದಲ್ಲಿ ಅಂಚಿಲ್ಲದೆ, ಕ್ಯಾಮೆರಾ ತನ್ನಷ್ಟಕ್ಕೆ ತಿರುಗಲು ಬಿಟ್ಟದ್ದು ಮತ್ತೊಂದು.

ಅಕ್ಕನ ತಕರಾರು ಬೇರೆ. "ಏನ್ರೀ, ಒಗ್ಗರಣೆ ಡಬ್ಬಿಯಲ್ಲಿ ನಿಮ್ಮ ಅಲೆನ್ ಕೀ ಸಿಕ್ತು. ಸಾಸಿವೆ ಜೊತೆ ಬಾಣಲೆಗೆ ಬಿದ್ದಿದ್ರೆ?"

"ಎಷ್ಟು ನಂಬರಿನದು?" ಎಂದು ಭಾವ ಕೇಳಿದರು. "ನಾಲ್ಕಾದರೆ ಕೊಡು, ಹುಡುಕ್ತಿದ್ದೆ."

ಒಮ್ಮೆ ಮಳೆಗಾಲದಲ್ಲಿ ಜೋಗಕ್ಕೆ ಕರೆದುಕೊಂಡು ಹೋದರು. "ಜೋಗ ಬೀಳೋದು ಉದ್ದಕ್ಕಯ್ಯ, ಅಡ್ಡಕ್ಕಲ್ಲ. 253 ಮೀಟರ್!" ಎಂದು ದಾರಿಯುದ್ದಕ್ಕೂ ಹೇಳಿದರು. ಬ್ರಾಕೆಟ್ಟಿಗೆ ಅಲ್ಲಿ ನಿಜವಾದ ಕೆಲಸವಿದೆ, ಒಪ್ಪಬೇಕು. ನೀರಿನ ಎಳೆಗಳು ನಯವಾಗಿ ಮೂಡಬೇಕಾದರೆ ಶಟರ್ ಅರ್ಧ ಸೆಕೆಂಡಾದರೂ ತೆರೆದಿರಬೇಕು. ಅಷ್ಟು ಹೊತ್ತು ಕ್ಯಾಮೆರಾ ಮಿಸುಕಬಾರದು. ಭಾವ ಟ್ರೈಪಾಡಿನ ಕಾಲು ಬಿಡಿಸಿದರು. ನಡುಗಂಬದ ಕೊಕ್ಕೆಗೆ ಚೀಲ ತೂಗುಹಾಕಿದರು. ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡಿ, ಟೈಮರನ್ನು ಎರಡು ಸೆಕೆಂಡಿಗಿಟ್ಟರು. ಅಷ್ಟರಲ್ಲಿ ಮಂಜು ಸರಿದು ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಟ್ಟಿಗೆ ಕಂಡವು. ಜನ ಹೋ ಎಂದು ಕೂಗಿದರು. ಭಾವ ಕ್ಲಾಂಪಿನ ಹತ್ತಿರ ಬಗ್ಗಿ, ಕ್ಯಾಮೆರಾವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಅಲುಗುತ್ತದೋ ಎಂದು ಪರೀಕ್ಷಿಸುತ್ತಿದ್ದರು. ಗುಂಡಿ ಒತ್ತುವ ಹೊತ್ತಿಗೆ ಮಂಜು ಮತ್ತೆ ಕವಿದಿತ್ತು. ಮನೆಗೆ ಬಂದು ಆ ಬರೀ ಬಿಳಿ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, "ಎಲ್ಲಾದರೂ ಶೇಕ್ ಇದೆಯಾ, ನೀನೇ ಹೇಳು" ಎಂದರು. ಮಂಜಿನೊಳಗೆ ಶೇಕ್ ಹುಡುಕುವುದು ಹೇಗೋ ನನಗೆ ತಿಳಿಯದು. ಇಲ್ಲ ಭಾವ ಎಂದೆ.

ಇಂಥವರನ್ನು ನೋಡಿ ನಗುವವರು ಒಂದು ಮಾತು ಮರೆಯುತ್ತಾರೆ. ಕ್ಯಾಮೆರಾ ಕ್ಲಬ್ಬಿನ ಹುಡುಗರ ಪ್ಲೇಟು ಕಾಡಿನ ನಡುವೆ ಸಡಿಲವಾದಾಗ ಅವರು ಓಡಿಬರುವುದು ಪ್ರಶಸ್ತಿ ಗೆದ್ದವನ ಹತ್ತಿರವಲ್ಲ, ಭಾವನ ಹತ್ತಿರ. ಆಗ ನೋಡಬೇಕು ಆ ಮುಖವನ್ನು! ಎದುರಿಗೆ ಹುಲಿ ಹಾದುಹೋದರೂ ಭಾವ ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಲಾರರು.

ಸೋಮನಾಥಪುರದ ಕೇಶವ ದೇವಾಲಯದಲ್ಲಿ ಆದದ್ದೂ ಇದೇ. 13ನೇ ಶತಮಾನದಿಂದ ಒಂದಿಷ್ಟೂ ಪ್ಲೇ ಇಲ್ಲದೆ ನಿಂತಿರುವ ಕಟ್ಟಡವೆಂದು ಭಾವನಿಗೆ ಅದರ ಮೇಲೆ ವಿಶೇಷ ಗೌರವ. ಟ್ರೈಪಾಡ್ ಹೆಗಲಿಗೇರಿಸಿ ಹೊರಟವರನ್ನು ಬಾಗಿಲಲ್ಲಿ ಕಾವಲಿನವನು ತಡೆದ. ಇಂಥ ಸ್ಮಾರಕಗಳಲ್ಲಿ ಕ್ಯಾಮೆರಾ ಒಯ್ಯಬಹುದು, ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು. ಭಾವ ವಾದಕ್ಕಿಳಿಯಲಿಲ್ಲ. ಅವರ ಕಣ್ಣು ಗೋಡೆಗೊರಗಿಸಿದ್ದ ಅವನ ಸೈಕಲ್ಲಿನ ಮೇಲಿತ್ತು.

"ಸೀಟು ವಾಲಿದೆಯಲ್ಲಪ್ಪ?"

"ಒಂದು ತಿಂಗಳಾಯ್ತು ಸಾರ್. ಇದಕ್ಕೆ ಯಾವ ಸ್ಪ್ಯಾನರೂ ಕೂರಲ್ಲ."

ಭಾವ ಕೆಳಗಿನ ಎಡಜೇಬಿನಿಂದ ಐದು ನಂಬರಿನ ಅಲೆನ್ ಕೀ ತೆಗೆದರು. ಸೀಟನ್ನು ಮಟ್ಟಸ ಮಾಡಿ, ಬಿಗಿದು, ಮೇಲೆ ಕೈಯೂರಿ ಅಲ್ಲಾಡಿಸಿ ನೋಡಿದರು. ಕಾವಲಿನವನು ಹತ್ತಿ ಒಂದು ಸುತ್ತು ಹೊಡೆದು ಬಂದು ಕೈಮುಗಿದ.

"ದೊಡ್ಡ ಉಪಕಾರ ಆಯ್ತು ಸಾರ್. ಸ್ಟ್ಯಾಂಡು ಇಲ್ಲೇ ಇಟ್ಟು ಹೋಗಿ, ನಾನು ನೋಡ್ಕೋತೀನಿ."